ಫ್ರಿಜ್ಜಿನ ಮೇಲಿನ ಸಣ್ಣ ಬಟನ್

ಕ್ಲಿನಿಕ್ಕುಗಳಲ್ಲಿ ರೋಗಿಗಳು ಸುರಕ್ಷಿತವಾಗಿದ್ದಾರಾ ಅಂತ ತಪಾಸಣೆ ಮಾಡುವುದು ನನ್ನ ಕೆಲಸ. ಮೊದಲೇ ಹೇಳಿ ಹೋದರೆ ಯಾವ ಕ್ಲಿನಿಕ್ಕಾದರೂ ಹಬ್ಬದ ಮನೆಯ ಹಾಗೆ ಇರುತ್ತದೆ. ಒರೆಸಿದ ನೆಲ, ಒಗೆದ ಪರದೆ, ಕೈ ತೊಳೆಯುವ ಕ್ರಮ ತೋರಿಸುವ ಹೊಸ ಪೋಸ್ಟರ್. ಫೈಲುಗಳಂತೂ ಕೇಳುವ ಮೊದಲೇ ಮೇಜಿಗೆ ಬರುತ್ತವೆ. ನಾನು ಅವನ್ನು ಆಮೇಲೆ ನೋಡುತ್ತೇನೆ. ಮೊದಲು ಕೇಳುವುದು, ‘ತೋರಿಸ್ತೀರಾ?’ ಅಂತ.

ಒಂದು ಕ್ಲಿನಿಕ್ಕಿನಲ್ಲಿ ಲಸಿಕೆ ಇಡುವ ಫ್ರಿಜ್ಜಿನ ರಿಜಿಸ್ಟರ್ ತೆಗೆದೆ. ಒಳಗೆ 2ರಿಂದ 8 ಡಿಗ್ರಿ ಸೆಲ್ಸಿಯಸ್ ಇರಬೇಕು, ದಿನಾ ನೋಡಿ ಬರೆಯಬೇಕು. ಅವರ ಪುಟದಲ್ಲಿ ತಿಂಗಳಿಡೀ 4, 4, 4. ಒಂದೇ ಪೆನ್ನು, ಒಂದೇ ಓರೆ. ಬಾಗಿಲು ಹಾಕಿದ್ದ ಭಾನುವಾರಗಳಲ್ಲೂ 4!

‘ಸಿಸ್ಟರ್, ಥರ್ಮಾಮೀಟರಿನ ಮಿನಿಮಮ್ ಬಟನ್ ಒತ್ತಿ ತೋರಿಸ್ತೀರಾ?’

‘ಅಂಥ ಬಟನ್ ಇದೆ ಅಂತಾನೇ ಗೊತ್ತಿರ್ಲಿಲ್ಲ ಮೇಡಂ.’

ಫ್ರಿಜ್ಜು ಅತಿ ಹೆಚ್ಚು ತಂಪಾಗಿದ್ದಾಗ ಎಷ್ಟು ಡಿಗ್ರಿ ಇತ್ತು ಅಂತ ತೋರಿಸುವ ಬಟನ್ ಅದು. ಒತ್ತಿದರು. ಮೈನಸ್ 2.

ಬಿಸಿಗೆ ಲಸಿಕೆ ಕೆಡುತ್ತದೆ ಅಂತ ಎಲ್ಲರಿಗೂ ಗೊತ್ತು. ಕೆಲವು ಲಸಿಕೆಗಳಿಗೆ ಅತಿ ತಂಪೇ ದೊಡ್ಡ ಶತ್ರು ಅನ್ನುವುದು ಅಷ್ಟಾಗಿ ಗೊತ್ತಿಲ್ಲ. ಹೆಪಟೈಟಿಸ್ ಬಿ, ಟೆಟನಸ್ ಲಸಿಕೆಗಳಲ್ಲಿ ಅಲ್ಯೂಮಿನಿಯಂ ಲವಣ ಇರುತ್ತದೆ. ಒಮ್ಮೆ ಹೆಪ್ಪುಗಟ್ಟಿದರೆ ಅದರ ಕಣಗಳು ಒಂದಕ್ಕೊಂದು ಅಂಟಿಕೊಂಡು ಲಸಿಕೆಯ ಶಕ್ತಿ ಕುಂದುತ್ತದೆ. ಕರಗಿದ ಮೇಲೆ ಸುಮ್ನೆ ನೋಡಿದರೆ ಮಾಮೂಲಿ ಸೀಸೆಯೇ. ಮಗುವಿಗೆ ಚುಚ್ಚಿದ ನೋವು ಆಗುತ್ತದೆ, ಕಾರ್ಡಿನಲ್ಲಿ ತಾರೀಖು ಬೀಳುತ್ತದೆ, ರಕ್ಷಣೆ ಮಾತ್ರ ಸಿಕ್ಕಿರದೆ ಇರಬಹುದು. ಆ ಸಿಸ್ಟರ್ ಮೇಲೆ ನನಗೆ ಸಿಟ್ಟು ಬರಲಿಲ್ಲ. ಬರೆಯಿರಿ ಅಂದವರು ಯಾಕೆ ಅಂತ ಹೇಳಿರಲಿಲ್ಲ, ಅಷ್ಟೇ.

ಮುಂದಿನದು ತುರ್ತು ಟ್ರೇ. ‘ಈಗ ಇಂಜೆಕ್ಷನ್ ತಗೊಂಡವರು ಮೈಯೆಲ್ಲ ದದ್ದೆದ್ದು, ಉಸಿರು ಕಟ್ಟಿ ಕುಸಿದರು ಅಂದ್ಕೊಳ್ಳಿ. ಅಡ್ರಿನಲಿನ್ ಕೊಡಿ’ ಅನ್ನುತ್ತೇನೆ, ಗಡಿಯಾರ ನೋಡುತ್ತೇನೆ. ಇಂಥ ತೀವ್ರ ಅಲರ್ಜಿಗೆ ಮೊದಲು ಕೊಡಬೇಕಾದ ಔಷಧ ಅದು. ದೊಡ್ಡವರಿಗೆ 0.5 ಮಿಲಿಗ್ರಾಂ, ತೊಡೆಯ ಹೊರಬದಿಯ ಸ್ನಾಯುವಿಗೆ, ತಡವಿಲ್ಲದೆ. ಔಷಧ ಇಲ್ಲದ ಕ್ಲಿನಿಕ್ ಅಪರೂಪ. ಆದರೆ ಕಪಾಟಿಗೆ ಬೀಗ, ಬೀಗದ ಕೈ ಡಾಕ್ಟರ ಜೇಬಿನಲ್ಲಿ, ಡಾಕ್ಟರು ಊಟಕ್ಕೆ. ಇನ್ನೊಂದು ಕಡೆ ಆಕ್ಸಿಜನ್ ಸಿಲಿಂಡರ್ ಭರ್ತಿ ಇತ್ತು, ಅದನ್ನು ತೆರೆಯುವ ಸ್ಪ್ಯಾನರ್ ಇರಲಿಲ್ಲ.

ಸೂಜಿ ಡಬ್ಬ ಮುಕ್ಕಾಲು ತುಂಬಿದ ಕೂಡಲೇ ಮುಚ್ಚಬೇಕು, ಬಳಸಿದ ಸೂಜಿಗೆ ಮತ್ತೆ ಮುಚ್ಚಳ ಹಾಕಬಾರದು. ಇವನ್ನು ಒಂದು ನೋಟದಲ್ಲಿ ಮುಗಿಸಬಹುದು.

ನನ್ನ ಸಮಯ ಜಾಸ್ತಿ ಹೋಗುವುದು ಕಣ್ಣಿಗೆ ಕಾಣದ ಕಡೆ. ಹಳೆಯ ರಕ್ತಪರೀಕ್ಷೆಯ ವರದಿಗಳಲ್ಲಿ ಏರುಪೇರು ಇರುವ ಐದನ್ನು ಆರಿಸಿಕೊಂಡು ಒಂದೊಂದರ ಬೆನ್ನು ಹತ್ತುತ್ತೇನೆ. ಲ್ಯಾಬಿನಿಂದ ಯಾವತ್ತು ಬಂತು? ಯಾರು ನೋಡಿದರು? ರೋಗಿಗೆ ಹೇಳಿದ್ದು ಯಾರು, ಯಾವತ್ತು? ಒಮ್ಮೆ ಪೊಟ್ಯಾಸಿಯಂ ಜಾಸ್ತಿ ಬಂದಿದ್ದ ವರದಿಯೊಂದು ಫೈಲಿನಲ್ಲಿ ಅಚ್ಚುಕಟ್ಟಾಗಿ ಕೂತಿತ್ತು. ರಿಸೆಪ್ಷನಿನವರು ಫೋನ್ ಮಾಡಿರುತ್ತಾರೆ ಅಂತ ಡಾಕ್ಟರು. ಡಾಕ್ಟರು ಹೇಳಿದರೆ ಮಾತ್ರ ಫೋನ್ ಅಂತ ರಿಸೆಪ್ಷನಿನವರು. ಫೋನ್ ಬರಲಿಲ್ಲ, ಅಂದರೆ ಎಲ್ಲ ಸರಿ ಇದೆ ಅಂತ ರೋಗಿ. ಪುಣ್ಯಕ್ಕೆ ಏನೂ ಆಗಿರಲಿಲ್ಲ. ಪೊಟ್ಯಾಸಿಯಂ ತುಂಬ ಏರಿದರೆ ಹೃದಯದ ಬಡಿತವೇ ತಪ್ಪಬಹುದು. ಮೂವರಲ್ಲಿ ಯಾರೂ ಸೋಮಾರಿಗಳಲ್ಲ, ನೋಡಿ. ಕೆಲಸ ಯಾರದು ಅಂತ ಬರೆದಿಟ್ಟಿರಲಿಲ್ಲ.

ಮೆಥೊಟ್ರೆಕ್ಸೇಟ್ ಚೀಟಿಗಳನ್ನೂ ಹುಡುಕುತ್ತೇನೆ. ಕೀಲುವಾತಕ್ಕೆ ಇದು ವಾರಕ್ಕೊಮ್ಮೆ ತೆಗೆದುಕೊಳ್ಳುವ ಮಾತ್ರೆ. ದಿನಾ ನುಂಗಿದರೆ ಪ್ರಾಣಕ್ಕೇ ಕುತ್ತು. ಚೀಟಿಯಲ್ಲಿ ‘ವಾರಕ್ಕೊಮ್ಮೆ, ಸೋಮವಾರ’ ಅಂತ ವಾರದ ಹೆಸರೇ ಇರಬೇಕು. ಕೊನೆಯ ರಕ್ತಪರೀಕ್ಷೆ ಯಾವಾಗ ಆಯಿತು ಅಂತ ನೋಡದೆ ಅದೇ ಚೀಟಿಯನ್ನು ಮತ್ತೆ ಮತ್ತೆ ಕೊಟ್ಟಿದ್ದರೆ ನನ್ನ ವರದಿಯಲ್ಲಿ ಅದು ಮೊದಲ ಸಾಲು.

ಕೊನೆಗೆ, ತಪ್ಪುಗಳನ್ನು ಬರೆಯುವ ಪುಸ್ತಕ. ‘ನಮ್ಮಲ್ಲಿ ಒಂದೂ ಆಗಿಲ್ಲ ಮೇಡಂ’ ಅಂತ ಹೆಮ್ಮೆಯಿಂದ ಖಾಲಿ ಪುಸ್ತಕ ಕೊಡುತ್ತಾರೆ. ನನಗೆ ಅದೇ ಭಯ. ಮನುಷ್ಯರು ಕೆಲಸ ಮಾಡುವ ಜಾಗ, ಅಲ್ವಾ? ಬೈಗುಳದ ಹೆದರಿಕೆ ಇದ್ದಲ್ಲಿ ಯಾರೂ ಬರೆಯುವುದಿಲ್ಲ.

ಪೇಂಟು ಉದುರಿದ, ಇಕ್ಕಟ್ಟಾದ ಕ್ಲಿನಿಕ್ ಒಂದರಲ್ಲಿ ಆ ಪುಸ್ತಕದ ಮೂಲೆಗಳು ಮಡಚಿಹೋಗಿದ್ದವು. ರಿಸೆಪ್ಷನಿನ ಹುಡುಗಿ ಬರೆದಿದ್ದಳು: ‘ಒಂದೇ ಹೆಸರಿನ ಇಬ್ಬರು ಬಂದಿದ್ದರು. ಒಬ್ಬರ ಫೈಲು ಇನ್ನೊಬ್ಬರಿಗೆ ಕೊಟ್ಟೆ. ಡಾಕ್ಟರು ಔಷಧ ಬರೆಯುವ ಮೊದಲು ಗೊತ್ತಾಯಿತು.’ ಕೆಳಗೆ ಡಾಕ್ಟರ ಅಕ್ಷರ: ‘ನಾಳೆಯಿಂದ ಹೆಸರಿನ ಜೊತೆ ಹುಟ್ಟಿದ ತಾರೀಖೂ ಕೇಳೋಣ. ನಾನೂ ಕೇಳುತ್ತೇನೆ.’ ಅವತ್ತು ಮಧ್ಯಾಹ್ನ ಅವರ ಕೋಣೆಯ ಮೂಲೆಯಲ್ಲಿ ಕೂತು ನೋಡಿದೆ. ಒಳಗೆ ಬಂದ ಪ್ರತಿಯೊಬ್ಬರಿಗೂ ಕೇಳಿದರು, ತಮ್ಮ ಹಳೆಯ ಪರಿಚಯದವರಿಗೂ.