ಅನುದಾನದ ಸೂತ್ರ ಬರೆದ ಪಠ್ಯಕ್ರಮ: ಕ್ಯಾಲಿಫೋರ್ನಿಯಾದ ಸಮುದಾಯ ಕಾಲೇಜುಗಳಲ್ಲಿ ಕಂಪ್ಯೂಟರ್ ಶಿಕ್ಷಣ

ಕ್ಯಾಲಿಫೋರ್ನಿಯಾದ ಸಮುದಾಯ ಕಾಲೇಜುಗಳಲ್ಲಿ ಸೆಮಿಸ್ಟರಿನ ಐದರಲ್ಲಿ ಒಂದು ಭಾಗ ಕಳೆಯುವಾಗ ತಲೆ ಎಣಿಸುವ ದಿನವೊಂದು ಬರುತ್ತದೆ. ಅಲ್ಲಿಯವರು ಅದನ್ನು ಸೆನ್ಸಸ್ ದಿನ ಎನ್ನುತ್ತಾರೆ. ಅಂದು ಪಟ್ಟಿಯಲ್ಲಿ ಎಷ್ಟು ಹೆಸರುಗಳಿವೆಯೋ ಅದರ ಮೇಲೆ ರಾಜ್ಯದ ಅನುದಾನ ನಿಲ್ಲುತ್ತದೆ. ಮರುವಾರ ಅರ್ಧ ತರಗತಿ ಖಾಲಿಯಾದರೂ ದಶಕಗಳ ಕಾಲ ಕಾಲೇಜಿನ ಲೆಕ್ಕಕ್ಕೆ ಅದು ತಟ್ಟುತ್ತಿರಲಿಲ್ಲ. ಪ್ರೋಗ್ರಾಮಿಂಗ್ ಕಲಿಸಿದವರಿಗೆ ಇದರ ಅರ್ಥ ತಕ್ಷಣ ಹೊಳೆಯುತ್ತದೆ. ಮೊದಲ ವಾರ ತುಂಬಿ ತುಳುಕುವ ತರಗತಿ, ಲೂಪ್ ಪಾಠ ಮುಗಿದು ಅರೇ ಪಾಠ ಶುರುವಾಗುವ ಹೊತ್ತಿಗೆ ಸೊರಗಿರುತ್ತದೆ.

ಕಂಪ್ಯೂಟರ್ ಇನ್ಫರ್ಮೇಷನ್ ಸಿಸ್ಟಮ್ಸ್, ಅಂದರೆ ಸಿಐಎಸ್ ವಿಭಾಗಗಳು ಕಾಲಕ್ಕೆ ತಕ್ಕಂತೆ ಬದಲಾಗುವುದಿಲ್ಲ ಎಂಬ ದೂರು ಹಳೆಯದು. ದೂರುವವರು ಸಾಮಾನ್ಯವಾಗಿ ಅಧ್ಯಾಪಕರ ಆಲಸ್ಯದತ್ತ ಬೆರಳು ತೋರಿಸುತ್ತಾರೆ. ಈ ವಿಭಾಗಗಳ ಇತಿಹಾಸವನ್ನು ಹಣದ ಇತಿಹಾಸದ ಪಕ್ಕದಲ್ಲಿಟ್ಟು ನೋಡಿದರೆ ನನಗೆ ಕಾಣುವುದು ಬೇರೆ. ಪಾಠ ಬದಲಾದದ್ದು ತಂತ್ರಜ್ಞಾನ ಬದಲಾದಾಗಲ್ಲ, ಸರ್ಕಾರ ಏನನ್ನು ಎಣಿಸುತ್ತದೆ ಎಂಬುದು ಬದಲಾದಾಗ.

ಸಮುದಾಯ ಕಾಲೇಜು ನಮ್ಮ ಪಾಲಿಟೆಕ್ನಿಕ್ ಅಲ್ಲ, ಪದವಿ ಕಾಲೇಜೂ ಅಲ್ಲ. ಉನ್ನತ ಶಿಕ್ಷಣಕ್ಕೆಂದು ರಾಜ್ಯ ಮಾಡಿಕೊಂಡ 1960ರ ಮಾಸ್ಟರ್ ಪ್ಲಾನ್ ಪ್ರಕಾರ ಕ್ಯಾಲಿಫೋರ್ನಿಯಾದ ಎರಡು ದೊಡ್ಡ ವಿಶ್ವವಿದ್ಯಾಲಯ ವ್ಯವಸ್ಥೆಗಳು ಅಂಕ ನೋಡಿ ಆಯ್ದುಕೊಳ್ಳಬಹುದು. ಸಮುದಾಯ ಕಾಲೇಜು ಮಾತ್ರ ಬಂದವರಿಗೆಲ್ಲ ಬಾಗಿಲು ತೆರೆಯಬೇಕು. ಇಂದು ಕಾಲೇಜುಗಳಿಗೆಂದೇ ಇರುವ 73 ಜಿಲ್ಲಾ ಮಂಡಳಿಗಳ ಅಡಿಯಲ್ಲಿ 116 ಕಾಲೇಜುಗಳಿವೆ, ಸುಮಾರು 20 ಲಕ್ಷ ವಿದ್ಯಾರ್ಥಿಗಳಿದ್ದಾರೆ. ಕ್ಯುಪರ್ಟಿನೊದ ಡಿ ಆಂಜಾ, ಸಾಂತಾ ಕ್ಲಾರಾದ ಮಿಷನ್ ಕಾಲೇಜುಗಳ ಹೆಸರು ಸ್ಯಾನ್ ಫ್ರಾನ್ಸಿಸ್ಕೊ ಸುತ್ತಲಿನ ಬೇ ಏರಿಯಾದ ಕನ್ನಡಿಗರಿಗೆ ಹೊಸದಲ್ಲ. ನೌಕರಿ ವೀಸಾದವರ ಸಂಗಾತಿಗಳಾಗಿ ಎಚ್-4 ವೀಸಾದಲ್ಲಿ ಬಂದವರಿಗೆ ಕೆಲಸ ಮಾಡಲು ಅನುಮತಿ ಸುಲಭವಾಗಿ ಸಿಗದಿದ್ದರೂ ಓದಲು ಅಡ್ಡಿಯಿಲ್ಲ. ಜಾವಾ, ಎಸ್‌ಕ್ಯೂಎಲ್ ಕಲಿಯಲು ಅವರು ಮೊದಲು ತಟ್ಟುವ ಬಾಗಿಲು ಸಾಮಾನ್ಯವಾಗಿ ಇಂಥ ಕಾಲೇಜಿನದೇ.

ಮೊದಲಿಗೆ ಈ ವಿಭಾಗದ ಹೆಸರು ಡೇಟಾ ಪ್ರೊಸೆಸಿಂಗ್ ಎಂದಿತ್ತು. ಸ್ಪುಟ್ನಿಕ್ ಹಾರಿದ ಮರುವರ್ಷ, 1958ರಲ್ಲಿ, ಅಮೆರಿಕ ರಾಷ್ಟ್ರೀಯ ರಕ್ಷಣಾ ಶಿಕ್ಷಣ ಕಾಯ್ದೆ ತಂದು ತಂತ್ರಜ್ಞರ ತರಬೇತಿಗೆ ಹಣ ಕೊಟ್ಟಿತು. 1963ರ ವೃತ್ತಿ ಶಿಕ್ಷಣ ಕಾಯ್ದೆ ಅದನ್ನು ಹಿಗ್ಗಿಸಿತು. ಪಂಚ್ ಕಾರ್ಡ್ ಕೊರೆಯುವ ಯಂತ್ರಗಳು, ಐಬಿಎಂ 1401 ಕಂಪ್ಯೂಟರ್, ಪ್ರೋಗ್ರಾಮ್ ಬರೆಯುವ ಭಾಷೆಗಳಾದ ಕೋಬಾಲ್, ಆರ್‌ಪಿಜಿ: ಊರಿನ ಬ್ಯಾಂಕಿಗೂ ವಿಮಾ ಕಚೇರಿಗೂ ಬೇಕಾದದ್ದು ಅಷ್ಟೇ ಆಗಿತ್ತು. ಉಳಿದ ಖರ್ಚನ್ನು ಸ್ಥಳೀಯ ಆಸ್ತಿ ತೆರಿಗೆ ನೋಡಿಕೊಳ್ಳುತ್ತಿತ್ತು. ಬೋಧನಾ ಶುಲ್ಕವೇ ಇರಲಿಲ್ಲ.

1978ರ ಜೂನ್‌ನಲ್ಲಿ ಮತದಾರರು ಪ್ರೊಪೊಸಿಷನ್ 13 ಎಂಬ ಜನಮತದ ಪ್ರಸ್ತಾವಕ್ಕೆ ಹೌದು ಎಂದರು. ಆಸ್ತಿ ತೆರಿಗೆಗೆ ಶೇ 1ರ ಮಿತಿ ಬಿತ್ತು, ಮೌಲ್ಯಮಾಪನ ವರ್ಷಕ್ಕೆ ಶೇ 2ಕ್ಕಿಂತ ಹೆಚ್ಚು ಏರದಂತಾಯಿತು. ತೆರಿಗೆ ದರವನ್ನು ತಾವೇ ನಿರ್ಧರಿಸುತ್ತಿದ್ದ ಕಾಲೇಜು ಮಂಡಳಿಗಳು ರಾಜಧಾನಿ ಸ್ಯಾಕ್ರಮೆಂಟೊದ ಕಡೆ ಕೈಯೊಡ್ಡುವಂತಾಯಿತು. 1984ರಲ್ಲಿ ಮೊದಲ ಬಾರಿ ಶುಲ್ಕ ಬಂತು, ಪೂರ್ಣಾವಧಿ ವಿದ್ಯಾರ್ಥಿಗೆ ಸೆಮಿಸ್ಟರಿಗೆ 50 ಡಾಲರ್. 2012ರಿಂದ ಅದು ಯೂನಿಟ್ಟಿಗೆ, ಅಂದರೆ ಕೋರ್ಸಿನ ಒಂದು ಕ್ರೆಡಿಟ್ಟಿಗೆ, 46 ಡಾಲರ್ ಆಗಿದೆ. 1988ರ ಪ್ರೊಪೊಸಿಷನ್ 98 ಶಾಲೆಗಳಿಗೂ ಸಮುದಾಯ ಕಾಲೇಜುಗಳಿಗೂ ರಾಜ್ಯದ ಬೊಕ್ಕಸದಲ್ಲಿ ಕನಿಷ್ಠ ಪಾಲಿನ ಖಾತರಿ ಕೊಟ್ಟಿತು. ಆದರೆ ಆ ಬೊಕ್ಕಸ ಬಹಳಮಟ್ಟಿಗೆ ನಿಂತಿರುವುದು ಶ್ರೀಮಂತರ ಆದಾಯ ತೆರಿಗೆಯ ಮೇಲೆ, ಅದರಲ್ಲೂ ಷೇರು ಮಾರಾಟದ ಲಾಭದ ಮೇಲೆ. ಸಿಲಿಕಾನ್ ಕಣಿವೆಯ ಷೇರುಗಳು ಕುಸಿದಾಗ ಸಿಐಎಸ್ ವಿದ್ಯಾರ್ಥಿಗೆ ಸಿಗಬೇಕಾದ ನೌಕರಿಯೂ ಹೋಗುತ್ತದೆ, ಅವನ ಕಾಲೇಜಿನ ಬಜೆಟ್ಟೂ ಹೋಗುತ್ತದೆ. ಬೇರೆ ಯಾವ ವಿಭಾಗಕ್ಕೂ ಈ ಎರಡು ಪೆಟ್ಟು ಇಷ್ಟು ಕರಾರುವಾಕ್ಕಾಗಿ ಒಟ್ಟಿಗೇ ಬೀಳುವುದಿಲ್ಲ.

ಇನ್ನು ಎಣಿಕೆಯ ವಿಷಯ. 'ಪೂರ್ಣಾವಧಿ ಸಮಾನ ವಿದ್ಯಾರ್ಥಿ' ಎಂಬುದು ಅನುದಾನದ ಮೂಲಮಾನ. 525 ಗಂಟೆಗಳ ಬೋಧನೆ ಸೇರಿದರೆ ಅಂಥ ಒಬ್ಬ ವಿದ್ಯಾರ್ಥಿ ಆದಂತೆ. ಐವತ್ತು ಜನ ಕೂತು ಕೇಳುವ ಇತಿಹಾಸದ ಗಂಟೆಗೂ ಇಪ್ಪತ್ತನಾಲ್ಕು ಯಂತ್ರಗಳಷ್ಟೇ ಇರುವ ನೆಟ್‌ವರ್ಕಿಂಗ್ ಲ್ಯಾಬಿನ ಗಂಟೆಗೂ ತಲೆಯೊಂದಕ್ಕೆ ಒಂದೇ ದರ. ರೌಟರು, ಸ್ವಿಚ್ಚು, ಸಾಫ್ಟ್‌ವೇರ್ ಪರವಾನಗಿ, ಲ್ಯಾಬ್ ಸಹಾಯಕನ ಸಂಬಳ ಯಾವುದೂ ಈ ಲೆಕ್ಕಕ್ಕೆ ಬರುವುದಿಲ್ಲ. ಮೇಲಾಗಿ 1961ರ 'ಶೇ 50 ಕಾನೂನು' ಶಿಕ್ಷಣ ವೆಚ್ಚದ ಅರ್ಧದಷ್ಟಾದರೂ ತರಗತಿಯ ಅಧ್ಯಾಪಕರ ಸಂಬಳಕ್ಕೆ ಹೋಗಬೇಕು ಎನ್ನುತ್ತದೆ. ವಿದ್ಯಾರ್ಥಿಗೆ ಸಲಹೆ ಕೊಡುವ ಕೌನ್ಸೆಲರ್‌ನ ಸಂಬಳ ಆ ಅರ್ಧದಲ್ಲಿ ಸೇರುವುದಿಲ್ಲ. ಹೀಗಿರುವಾಗ ಡೀನ್ ಒಬ್ಬರು ಹೊಸ ಲ್ಯಾಬಿನ ಬದಲು ಇನ್ನೊಂದು 'ಕಂಪ್ಯೂಟರ್ ಪರಿಚಯ' ತರಗತಿ ತೆರೆದರೆ ಅವರನ್ನು ದೂರುವುದು ಕಷ್ಟ. ಇಂದಿಗೂ ಅನೇಕ ಕಡೆ ವಿಭಾಗದ ಹೊಟ್ಟೆ ಹೊರೆಯುವುದು ಆ ಕೋರ್ಸೇ.

ಲ್ಯಾಬಿಗೆ ಹಣ ಬಂದದ್ದು ಬೇರೆ ಬಾಗಿಲುಗಳಿಂದ. 1984ರಿಂದ ಪರ್ಕಿನ್ಸ್ ಕಾಯ್ದೆಯ ಕೇಂದ್ರ ಅನುದಾನವಿದೆ. ಆದರೆ ಕಾಲೇಜು ಈಗಾಗಲೇ ಮಾಡುತ್ತಿರುವ ಖರ್ಚಿಗೆ ಅದನ್ನು ಬಳಸುವಂತಿಲ್ಲ. 1997ರಲ್ಲಿ ಸಿಸ್ಕೊ ತನ್ನ ನೆಟ್‌ವರ್ಕಿಂಗ್ ಅಕಾಡೆಮಿ ಆರಂಭಿಸಿದಾಗ ಪಠ್ಯ ಸಿದ್ಧವಾಗಿಯೇ ಬಂತು, ಮತ್ತೆ ಮತ್ತೆ ಪರಿಷ್ಕರಣೆಯೂ ಆಯಿತು. ಹಣವಿಲ್ಲದ ವಿಭಾಗಕ್ಕೆ ಇದು ವರ. 2018ರಲ್ಲಿ ಸಾಂತಾ ಮೋನಿಕಾ ಕಾಲೇಜು ಅಮೆಜಾನ್ ಜೊತೆ ಸೇರಿ ಕ್ಲೌಡ್ ಕಂಪ್ಯೂಟಿಂಗ್ ಸರ್ಟಿಫಿಕೇಟ್ ಶುರುಮಾಡಿದ್ದೂ ಇದೇ ದಾರಿಯಲ್ಲಿ. ಕಂಪನಿಯ ಪಠ್ಯ ಕೆಟ್ಟದ್ದೆಂದು ನಾನು ಹೇಳುವುದಿಲ್ಲ. ಬಹಳ ಸಲ ಅದು ಕಾಲೇಜಿನದಕ್ಕಿಂತ ಹೊಸದಾಗಿಯೇ ಇರುತ್ತದೆ. ಆದರೆ ಯಾವ ಉಪಕರಣ ಕಲಿಯಬೇಕು ಎಂಬ ತೀರ್ಮಾನ ಅಲ್ಲಿಗೆ ಅಧ್ಯಾಪಕರ ಕೈತಪ್ಪಿ, ಅದನ್ನು ಮಾರುವವರ ಕೈ ಸೇರಿತು.

2008ರ ಕುಸಿತ ಬಂದಾಗ ಕೆಲಸ ಕಳೆದುಕೊಂಡವರು ಕಾಲೇಜಿನ ಬಾಗಿಲಿಗೆ ಬಂದರು, ಕಾಲೇಜು ತರಗತಿಗಳನ್ನು ಕತ್ತರಿಸುತ್ತಿತ್ತು. ಮುಂದಿನ ಕೆಲವೇ ವರ್ಷಗಳಲ್ಲಿ ರಾಜ್ಯದ ಸಮುದಾಯ ಕಾಲೇಜುಗಳ ವಿದ್ಯಾರ್ಥಿ ಸಂಖ್ಯೆ ಸುಮಾರು 5 ಲಕ್ಷದಷ್ಟು ಇಳಿಯಿತು. ಬೇಡಿಕೆ ಇಳಿದದ್ದಕ್ಕಲ್ಲ, ಕೂರಲು ಸೀಟಿಲ್ಲದ್ದಕ್ಕೆ. ಕೇಂದ್ರ ಸರ್ಕಾರ 2011ರಿಂದ ನಾಲ್ಕು ವರ್ಷ, ವರ್ಷಕ್ಕೆ 50 ಕೋಟಿ ಡಾಲರಿನಂತೆ ದೇಶದ ಸಮುದಾಯ ಕಾಲೇಜುಗಳ ವೃತ್ತಿ ತರಬೇತಿಗೆ ಕೊಟ್ಟಿತು. ಅದು ಅವಧಿ ಮುಗಿದರೆ ನಿಂತುಹೋಗುವ ಹಣ. ಅದರಿಂದ ಸರ್ವರ್ ಕೊಳ್ಳಬಹುದು, ಖಾಯಂ ಅಧ್ಯಾಪಕನನ್ನು ನೇಮಿಸುವುದು ಹೇಗೆ? ರಾತ್ರಿ ತರಗತಿಗೆ ಸೈಬರ್ ಭದ್ರತೆ ಕಲಿಸಲು ಬರುವ ಅರೆಕಾಲಿಕ ಅಧ್ಯಾಪಕ ಹಗಲಲ್ಲಿ ಯಾವುದೋ ಕಂಪನಿಯಲ್ಲಿ ಅದರ ಎಷ್ಟೋ ಪಟ್ಟು ಸಂಪಾದಿಸುತ್ತಿರುತ್ತಾನೆ. ಪಠ್ಯಕ್ರಮ ಸಮಿತಿಯ ಮಧ್ಯಾಹ್ನದ ಸಭೆಗೆ ಅವನು ಬರುವುದಿಲ್ಲ. ಪಠ್ಯ ಬದಲಿಸಬಲ್ಲವನು ಒಬ್ಬ, ಬದಲಿಸುವ ಅಧಿಕಾರವಿರುವವರು ಇನ್ನೊಬ್ಬರು.

2016ರಲ್ಲಿ ರಾಜ್ಯ 'ಸ್ಟ್ರಾಂಗ್ ವರ್ಕ್‌ಫೋರ್ಸ್' ಯೋಜನೆ ತಂದಿತು. ಮೊದಲ ವರ್ಷ 20 ಕೋಟಿ ಡಾಲರ್, ಮುಂದಕ್ಕೂ ಪ್ರತಿವರ್ಷ. ಶೇ 60 ಕಾಲೇಜುಗಳಿಗೆ, ಶೇ 40 ಪ್ರಾದೇಶಿಕ ಒಕ್ಕೂಟಗಳಿಗೆ. ವೃತ್ತಿ ಕೋರ್ಸುಗಳು ದುಬಾರಿ ಎಂದು ಸರ್ಕಾರ ಕೊನೆಗೂ ಒಪ್ಪಿಕೊಂಡಂತಾಯಿತು. ಎರಡೇ ವರ್ಷಕ್ಕೆ ದೊಡ್ಡ ಬದಲಾವಣೆ ಬಂತು. 2018ರಲ್ಲಿ ಗವರ್ನರ್ ಜೆರ್ರಿ ಬ್ರೌನ್ ಒಪ್ಪಿದ ಹೊಸ ಸೂತ್ರ ಈಗ ಸ್ಥೂಲವಾಗಿ ಶೇ 70 ಹಣವನ್ನು ವಿದ್ಯಾರ್ಥಿ ಸಂಖ್ಯೆಗೆ, ಶೇ 20ನ್ನು ಬಡ ವಿದ್ಯಾರ್ಥಿಗಳ ಸಂಖ್ಯೆಗೆ, ಶೇ 10ನ್ನು ಫಲಿತಾಂಶಕ್ಕೆ ಕೊಡುತ್ತದೆ. ಫಲಿತಾಂಶದ ಲೆಕ್ಕದಲ್ಲಿ ಕಾಲೇಜಿಗೆ ಎರಡು ವರ್ಷದ ಪದವಿಗೆ 3 ಅಂಕ, 16 ಅಥವಾ ಹೆಚ್ಚು ಯೂನಿಟ್ಟಿನ ಸರ್ಟಿಫಿಕೇಟಿಗೆ 2, ವೃತ್ತಿ ವಿಷಯಗಳಲ್ಲಿ 9 ಯೂನಿಟ್ ಮುಗಿಸಿದವನಿಗೆ 1. ಸಿಐಎಸ್ ಮುಖ್ಯಸ್ಥರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. 12 ಯೂನಿಟ್ಟಿನ ಪೈಥಾನ್ ಸರ್ಟಿಫಿಕೇಟಿಗೆ ಆ 2 ಅಂಕ ಸಿಗುವುದಿಲ್ಲ, ಅದಕ್ಕೇ ಡೇಟಾಬೇಸ್ ಕೋರ್ಸೊಂದನ್ನು ಸೇರಿಸಿ 16 ಮಾಡಿದರೆ ಸಿಗುತ್ತದೆ. ಅದು ವಿದ್ಯಾರ್ಥಿಗೆ ಒಳ್ಳೆಯದೂ ಇರಬಹುದು, ಆದರೆ ಅಂಥ ಸೇರ್ಪಡೆಗೆ ಮೊದಲ ಕಾರಣ ಯಾವುದೆಂದು ಸಮಿತಿಯಲ್ಲಿ ಕೂತವರಿಗೆ ತಿಳಿದಿರುತ್ತದೆ.

ಎಲ್ಲರಿಗೂ ಈ ಚಿಂತೆಯಿಲ್ಲ ಎಂಬುದನ್ನೂ ಹೇಳಬೇಕು. ಸ್ಯಾನ್ ಮಟೇಯೊ ಕಾಲೇಜು ಜಿಲ್ಲೆಯಂಥ ಕೆಲವು ಕಡೆ ಆಸ್ತಿ ತೆರಿಗೆಯೇ ಸೂತ್ರದ ಮೊತ್ತವನ್ನು ಮೀರುತ್ತದೆ, ಹೆಚ್ಚಿಗೆ ಬಂದದ್ದು ಅವರಲ್ಲೇ ಉಳಿಯುತ್ತದೆ. ತಂತ್ರಜ್ಞಾನ ಕಂಪನಿಗಳ ನೆರಳಿನಲ್ಲಿರುವ ಆ ಕಾಲೇಜುಗಳು ಸೂತ್ರದ ಅಂಕಗಳಿಗೆ ತಲೆಕೆಡಿಸಿಕೊಳ್ಳಬೇಕಾಗಿಲ್ಲ. ಮಧ್ಯ ಕಣಿವೆಯ ಬೇಸಾಯದ ಊರುಗಳಿಗೆ ಆ ಸೌಕರ್ಯವಿಲ್ಲ.

2018ರಲ್ಲೇ ಬ್ರೌನ್ ಇನ್ನೊಂದು ಪ್ರಯೋಗ ಮಾಡಿದರು: ಕ್ಯಾಲ್‌ಬ್ರೈಟ್ ಎಂಬ ಪೂರ್ತಿ ಆನ್‌ಲೈನ್ ಕಾಲೇಜು. ಆರಂಭಕ್ಕೆ 10 ಕೋಟಿ ಡಾಲರ್, ನಂತರ ವರ್ಷಕ್ಕೆ 2 ಕೋಟಿ ಎಂಬುದು ಆಗಿನ ಯೋಜನೆ. 2019ರಲ್ಲಿ ಅದು ತೆರೆದಾಗ ಇದ್ದ ಮೂರು ಕೋರ್ಸುಗಳಲ್ಲಿ ಎರಡು ಐಟಿ ಸಹಾಯ ಮತ್ತು ಸೈಬರ್ ಭದ್ರತೆ. ಹಳೆಯ ಕಾಲೇಜುಗಳಲ್ಲಿ ಆಗಲೇ ಇದ್ದ ವಿಷಯಗಳಿವು ಎಂಬ ಅಧ್ಯಾಪಕರ ಸಿಟ್ಟು ಅಸಹಜವಲ್ಲ. 2021ರಲ್ಲಿ ಅದನ್ನು ಮುಚ್ಚುವ ಮಸೂದೆ ಅಸೆಂಬ್ಲಿಯಲ್ಲಿ ಪಾಸಾಯಿತು, ಸೆನೆಟ್ಟಿನಲ್ಲಿ ನಿಂತುಹೋಯಿತು. ಕ್ಯಾಲ್‌ಬ್ರೈಟ್ ಇನ್ನೂ ಇದೆ.

ಹೊಸ ಸೂತ್ರದಿಂದ ನಷ್ಟವಾಗುವ ಜಿಲ್ಲೆಗಳಿಗೆ ಇದ್ದ ರಕ್ಷಣೆ 2024-25ಕ್ಕೆ ಮುಗಿಯಿತು. ಅವುಗಳ ಅನುದಾನ ಆ ವರ್ಷದ ಮಟ್ಟಕ್ಕಿಂತ ಕೆಳಗಿಳಿಯುವುದಿಲ್ಲ, ಆದರೆ ಬೆಲೆ ಏರಿಕೆಗೆ ತಕ್ಕಂತೆ ಮೇಲಕ್ಕೂ ಹೋಗುವುದಿಲ್ಲ. ಕೃತಕ ಬುದ್ಧಿಮತ್ತೆಗಾಗಿ ಪಠ್ಯವನ್ನು ಬುಡದಿಂದ ಬದಲಿಸಬೇಕೆಂಬ ಒತ್ತಡ ಬಂದಿರುವುದೂ ಸರಿಯಾಗಿ ಈ ಹೊತ್ತಿನಲ್ಲೇ.

ಇದರ ಮೇಲೆ 2025ರ ಜುಲೈನಲ್ಲಿ ಸಹಿಯಾದ ಕೇಂದ್ರ ಕಾನೂನು 'ವರ್ಕ್‌ಫೋರ್ಸ್ ಪೆಲ್' ತಂದಿದೆ. 2026ರ ಜುಲೈ 1ರಿಂದ, 8 ವಾರಕ್ಕೆ ಕಡಿಮೆಯಿಲ್ಲದ, 15 ವಾರ ತುಂಬದ, 150ರಿಂದ 600 ಗಂಟೆಯೊಳಗಿನ ಅಲ್ಪಾವಧಿ ಕೋರ್ಸುಗಳಿಗೂ ಪೆಲ್ ಎಂಬ ಬಡ ವಿದ್ಯಾರ್ಥಿಗಳ ಸಹಾಯಧನ. ಕೋರ್ಸು ಮುಗಿಸುವವರು, ಕೆಲಸ ಹಿಡಿಯುವವರು ತಲಾ ಶೇ 70 ಇರಬೇಕು. ಕೋರ್ಸು ಆರಂಭವಾಗಿ ಒಂದು ವರ್ಷವಾದರೂ ಆಗಿರಬೇಕು. 600 ಗಂಟೆ ಎಂದರೆ ಹೆಚ್ಚುಕಡಿಮೆ 16 ಯೂನಿಟ್. ಅಂದರೆ ಸರ್ಟಿಫಿಕೇಟಿಗೆ ರಾಜ್ಯದ ಅಂಕ ಶುರುವಾಗುವುದು 16ರಿಂದ ಮೇಲೆ, ಕೇಂದ್ರದ ಹೊಸ ಹಣ ಸಿಗುವುದು ಅದಕ್ಕಿಂತ ಕೆಳಗೆ. ಸಿಐಎಸ್ ವಿಭಾಗ ತನ್ನ ಹೊಸ ಎಐ ಸರ್ಟಿಫಿಕೇಟನ್ನು 15 ಯೂನಿಟ್ಟಿಗೆ ನಿಲ್ಲಿಸಬೇಕೋ 16ಕ್ಕೆ ಮುಟ್ಟಿಸಬೇಕೋ ಎಂಬುದನ್ನು ಮೊದಲು ತೀರ್ಮಾನಿಸಬೇಕು. ಅದರಲ್ಲಿ ಏನು ಕಲಿಸಬೇಕು ಎಂಬ ಪ್ರಶ್ನೆ ಬರುವುದು ಆಮೇಲೆ.