ಮಡಚಿ, ಬೆಳಕಿಗೆ ಹಿಡಿದು ನೋಡಿ

ನವರಾತ್ರಿ ಮುಗಿದ ವಾರ ಶಿವಮೊಗ್ಗದ ನನ್ನ ರಿಪೇರಿ ಬೆಂಚಿಗೆ ಬರುವ ಕೋವಿಗಳೆಲ್ಲ ಅರಿಶಿನ ಕುಂಕುಮ ಹಚ್ಚಿಕೊಂಡೇ ಬರುತ್ತವೆ. ಆಯುಧ ಪೂಜೆಯ ದಿನ ಕತ್ತಿ, ಹಾರೆ, ಟಿಲ್ಲರ್, ಬೈಕಿನ ಜೊತೆ ಕೋವಿಗೂ ಪೂಜೆ ಆಗಬೇಕು, ಅದು ನಮ್ಮ ಕಡೆಯ ಪದ್ಧತಿ. ಕಳೆದ ಸಲ ಹೊಸನಗರ ಕಡೆಯ ಹಿರಿಯರೊಬ್ಬರು ಒಂಟಿ ನಳಿಗೆಯ, ತೋಟಾ (ಕಾರ್ಟ್ರಿಜ್) ಹಾಕುವ ಕೋವಿ ತಂದರು. "ಲಿವರ್ ಬಿಗಿಯಾಗಿದೆ ಮಾರಾಯ್ರೆ, ಸ್ವಲ್ಪ ಎಣ್ಣೆ ಬಿಟ್ಟು ಕೊಡಿ" ಅಂದರು.

ಎರಡು ಹನಿ ಎಣ್ಣೆ ಬಿಟ್ಟು, ಸ್ವಲ್ಪ ಹೊತ್ತು ಬಿಟ್ಟು ಕೋವಿ ಮಡಚಿದೆ, ಅಂದರೆ ಕೀಲಿನಲ್ಲಿ ನಳಿಗೆಯನ್ನು ಕೆಳಗೆ ಬಾಗಿಸಿದೆ. ಕಿಟಕಿಯ ಬೆಳಕಿಗೆ ಹಿಡಿದೆ. ನಳಿಗೆಯ ಆ ತುದಿಯಲ್ಲಿ ಬಿಲ್ಲೆಯಷ್ಟು ಬೆಳಕು ಕಾಣಬೇಕಿತ್ತು. ಕಾಣಲಿಲ್ಲ. ತೋಟಾ ಹಾಕುವ ಕಡೆಯಿಂದ ಗಜ (ಉದ್ದದ ಸರಳು) ತೂರಿಸಿ ಮೆಲ್ಲಗೆ ದೂಡಿದೆ. ಸೇವಂತಿಗೆಯ ತೊಟ್ಟು, ಅದಕ್ಕೆ ಮೆತ್ತಿಕೊಂಡ ಒಣ ಗಂಧ, ನಾಲ್ಕು ಎಸಳು ಹೊರಗೆ ಬಿದ್ದವು. ಪೂಜೆಯ ದಿನ ಮೊಮ್ಮಗಳು ನಳಿಗೆಯ ಬಾಯಿಗೆ ಹೂ ಸಿಕ್ಕಿಸಿದ್ದಳಂತೆ. ಹೂ ತೆಗೆದರು, ತೊಟ್ಟು ಒಳಗೇ ಉಳಿಯಿತು. "ಮೊನ್ನೆ ರಾತ್ರಿ ಗದ್ದೆಗೆ ಹಂದಿ ಇಳಿದಿತ್ತು. ಹೆದರಿಸೋಣ ಅಂತ ತೋಟಾ ಹಾಕೋಕೆ ಹೋದೆ, ಲಿವರ್ ತಿರುಗಲಿಲ್ಲ" ಅಂದ ಅವರು ಸ್ಟೂಲಿನ ಮೇಲೆ ಕೂತು ಬಹಳ ಹೊತ್ತು ಮಾತಾಡಲಿಲ್ಲ.

ಒಂದು ತೊಟ್ಟಿನಿಂದ ಏನಾಗುತ್ತೆ ಅಂತ ನಿಮಗೆ ಅನ್ನಿಸಬಹುದು. ಏನೂ ಆಗದೆಯೂ ಇರಬಹುದು. ಆದರೆ ಈಡು ಹಾರಿದಾಗ ಚರೆ, ಅಂದರೆ ತೋಟಾದೊಳಗಿನ ಸಣ್ಣ ಗುಂಡುಗಳು, ಸೆಕೆಂಡಿಗೆ ಸುಮಾರು 400 ಮೀಟರ್ ವೇಗದಲ್ಲಿ ಹೊರಡುತ್ತವೆ. ಬೋರ್ ಅಂದರೆ ನಳಿಗೆಯ ತೂತಿನ ಅಳತೆ, ನಂಬರ್ ದೊಡ್ಡದಾದಷ್ಟು ತೂತು ಚಿಕ್ಕದು. 12 ಬೋರಿನ ಸಾಮಾನ್ಯ ತೋಟಾಕ್ಕೆ ಒತ್ತಡದ ಮಿತಿ 740 ಬಾರ್. ಲಾರಿ ಟೈರಿನಲ್ಲಿ ಇರುವುದು 8 ಬಾರ್ ಆಸುಪಾಸು, ಹೋಲಿಸಿ ನೋಡಿ. ತೋಟಾ ಕೂರುವ ಜಾಗದಲ್ಲಿ ನಳಿಗೆ ದಪ್ಪ ಇರುತ್ತದೆ, ತಡೆದುಕೊಳ್ಳುತ್ತದೆ. ಮುಂದೆ ಹೋದಂತೆ ಅದು ಒಂದು ಮಿಲಿಮೀಟರ್ ಆಸುಪಾಸಿಗೆ ಇಳಿಯುತ್ತದೆ. ಅಲ್ಲಿ ಕೆಸರೋ ಬಟ್ಟೆಯೋ ಅಡ್ಡ ಸಿಕ್ಕರೆ ಆ ಜಾಗದಲ್ಲೇ ನಳಿಗೆ ಉಂಗುರದ ಹಾಗೆ ಉಬ್ಬುತ್ತದೆ, ಇಲ್ಲವೇ ಸೀಳುತ್ತದೆ. ಅದರ ಅಡಿಯಲ್ಲೇ ನಿಮ್ಮ ಎಡಗೈ ಇರುತ್ತದೆ. ನಮ್ಮ ಕಡೆ ನಳಿಗೆಯೊಳಗೆ ಸಿಗುವುದು ಹೂವಿನ ತೊಟ್ಟು ಮಾತ್ರ ಅಲ್ಲ. ಗೋಡೆಗೆ ನೇತುಹಾಕಿದ ಕೋವಿಯೊಳಗೆ ಕುಂಬಾರ ಹುಳ ಮಣ್ಣಿನ ಗೂಡು ಕಟ್ಟುತ್ತದೆ. ಅಂಚಿನ ಮೇಲೆ ಕಾಲು ಜಾರಿದರೆ ನಳಿಗೆಯ ಬಾಯಿಗೆ ಗದ್ದೆ ಕೆಸರು ತುಂಬುತ್ತದೆ. ಒರೆಸಲು ಹಾಕಿದ ಚಿಂದಿ ಒಳಗೇ ಉಳಿದದ್ದನ್ನೂ ನಾನು ತೆಗೆದಿದ್ದೇನೆ.

ಲೈಸೆನ್ಸ್ ಪುಸ್ತಕದಲ್ಲಿ ಎಸ್‌ಬಿಬಿಎಲ್ ಅಂದರೆ ಒಂಟಿ ನಳಿಗೆಯದು, ಡಿಬಿಬಿಎಲ್ ಅಂದರೆ ಜೋಡಿ ನಳಿಗೆಯದು. ಇವೆರಡೂ ಹಿಂದಿನಿಂದ ತೋಟಾ ಹಾಕುವ ಕೋವಿಗಳು. ಎಸ್‌ಬಿಎಂಎಲ್ ಅಂತ ಇದ್ದರೆ ಬಾಯಿಂದ ಮದ್ದು ತುಂಬುವ ಕೇಪಿನ ಕೋವಿ. ಕೇಪಿನ ಕೋವಿಯಲ್ಲಿ ಮದ್ದು ಇದೆಯೋ ಇಲ್ಲವೋ ಅಂತ ಕಣ್ಣಿಂದ ನೋಡಿ ಹೇಳೋದು ಕಷ್ಟ, ಗಜ ಇಳಿಸಿ ಅಳೆಯಬೇಕು. ಮಡಚುವ ಕೋವಿಯಲ್ಲಿ ಆ ಕಷ್ಟ ಇಲ್ಲ. ಲಿವರ್ ಸರಿಸಿದರೆ ನಳಿಗೆ ಕೆಳಗೆ ಬಾಗುತ್ತದೆ, ಹೊಟ್ಟೆಯೊಳಗೆ ಏನಿದೆ ಅಂತ ಪೂರ್ತಿ ತೋರಿಸುತ್ತದೆ. ಬೇರೆ ಯಾವ ಕೋವಿಯೂ ಇಷ್ಟು ಸುಲಭವಾಗಿ ತೋರಿಸುವುದಿಲ್ಲ. ಹಾಗಿದ್ದೂ ನಮ್ಮವರು ನೋಡೋದಿಲ್ಲವಲ್ಲ, ಅದು ನನಗೆ ನೋವು. "ಖಾಲಿನೇ ಇದೆ ಬಿಡಿ" ಅನ್ನೋ ಮಾತನ್ನು ನಾನು ಬೆಂಚಿನ ಮುಂದೆ ಒಪ್ಪೋದಿಲ್ಲ. ಎಷ್ಟೇ ಹಳೆಯ ಗಿರಾಕಿ ಆಗಲಿ, ಕೋವಿ ಕೈ ಬದಲಾಗುವಾಗ ಮಡಚಿಯೇ ಕೊಡಬೇಕು, ಮಡಚಿಯೇ ತೆಗೆದುಕೊಳ್ಳಬೇಕು. ಅಪ್ಪ ಮಗನಿಗೆ ಕೊಟ್ಟರೂ ಅಷ್ಟೇ.

ಮಡಚುವ ಕ್ರಮ ಹೇಳುತ್ತೇನೆ. ನಳಿಗೆಯ ಬಾಯಿ ಯಾರೂ ಇಲ್ಲದ ಕಡೆ, ಮೆತ್ತಗಿನ ನೆಲದ ಕಡೆ ಇರಲಿ. ಬೆರಳು ಟ್ರಿಗರ್ ಗಾರ್ಡಿನ ಹೊರಗೆ, ಮರದ ಮೇಲೆ ಚಾಚಿರಲಿ. ಹೆಬ್ಬೆರಳಲ್ಲಿ ಲಿವರನ್ನು ಕೊನೆಯವರೆಗೆ ದೂಡಿ. ನಳಿಗೆಯನ್ನು ಎಡಗೈಲಿ ಹಿಡಿದೇ ಇಳಿಸಿ, ಸುಮ್ನೆ ಬೀಳಲು ಬಿಡಬೇಡಿ. ಕಣ್ಣಿಂದ ನೋಡಿ, ಕತ್ತಲಿದ್ದರೆ ಕಿರುಬೆರಳು ಹಾಕಿ ಮುಟ್ಟಿ ನೋಡಿ. ಮುಚ್ಚುವಾಗ ಹೆಚ್ಚಿನವರು ತಪ್ಪೋದು ಇನ್ನೊಂದು ಕಡೆ: ನಳಿಗೆಯನ್ನು ಮೇಲೆತ್ತಿ ಮುಚ್ಚುತ್ತಾರೆ. ಆಗ ಅದರ ಬಾಯಿ ಎದುರು ನಿಂತವರ ಮೊಣಕಾಲಿಂದ ಎದೆಯವರೆಗೆ ಸವರಿಕೊಂಡು ಬರುತ್ತದೆ. ನಳಿಗೆ ನೆಲ ನೋಡುತ್ತಲೇ ಇರಲಿ, ಹಿಂದಿನ ಬಟ್ಟನ್ನು (ಹೆಗಲಿಗೆ ಒತ್ತುವ ಮರದ ಭಾಗ) ಎತ್ತಿ ಅದಕ್ಕೆ ಸೇರಿಸಿ. ಒಂದು ಕೈಯಲ್ಲಿ ಜಾಡಿಸಿ ಟಪ್ ಅಂತ ಮುಚ್ಚೋದು ನೋಡಲು ಚೆಂದ ಕಾಣಬಹುದು. ಅದರಿಂದ ಕೀಲು ಸವೆಯುತ್ತದೆ, ಕ್ರಮೇಣ ನಳಿಗೆ ಗಡಗಡ ಅಲ್ಲಾಡುತ್ತದೆ. ಮುಚ್ಚಿದ ಕೋವಿಯಲ್ಲಿ ನಳಿಗೆ ಅಲ್ಲಾಡಿದರೆ, ಸಂದಿಯಲ್ಲಿ ಬೆಳಕು ಕಂಡರೆ, ರಿಪೇರಿ ಆಗುವ ತನಕ ಅದಕ್ಕೆ ತೋಟಾ ಹಾಕಲೇಬೇಡಿ.

ಇನ್ನು ಕುದುರೆ, ಅಂದರೆ ಟ್ರಿಗರ್ ಒತ್ತಿದಾಗ ಬಡಿದು ತೋಟಾ ಹಾರಿಸುವ ಸುತ್ತಿಗೆಯಂಥ ಭಾಗ. ಹಳೆಯ ಒಂಟಿ ನಳಿಗೆಗಳಲ್ಲಿ ಕುದುರೆ ಹೊರಗೇ ಕಾಣುತ್ತದೆ. ಅದನ್ನು ಎಳೆದು ನಿಲ್ಲಿಸಿದ ಮೇಲೆ ಹಂದಿ ಓಡಿಹೋಯಿತು ಅನ್ನಿ. ಈಗ ಇಳಿಸಬೇಕು. ಹೆಬ್ಬೆರಳಲ್ಲಿ ಹಿಡಿದು, ಟ್ರಿಗರ್ ಒತ್ತಿ ಮೆಲ್ಲಗೆ ಬಿಡುತ್ತಾರೆ. ತೋಟಾ ಒಳಗೇ ಇರುತ್ತದೆ! ನಾನು ಕೆಲಸ ಕಲಿಯುವ ಕಾಲದಲ್ಲಿ ಎಣ್ಣೆಗೈಯಲ್ಲಿ ಹೀಗೇ ಮಾಡಿದೆ, ಹೆಬ್ಬೆರಳು ಜಾರಿತು. ಪುಣ್ಯಕ್ಕೆ ತೋಟಾ ಇರಲಿಲ್ಲ, ಟಕ್ ಅಂದಿತು ಅಷ್ಟೆ. ಕೆಲಸ ಕಲಿಸಿದವರು ಬೈಯಲಿಲ್ಲ. "ನಳಿಗೆ ಎತ್ತ ನೋಡ್ತಿತ್ತು?" ಅಂತ ಕೇಳಿದರು. ಬಾಗಿಲ ಕಡೆ ನೋಡುತ್ತಿತ್ತು. ಬಾಗಿಲಲ್ಲಿ ಚಹಾ ಹಿಡಿದುಕೊಂಡು ಹುಡುಗ ನಿಂತಿದ್ದ. ಮೂವತ್ತು ವರ್ಷ ಆಯಿತು, ಆ ಹುಡುಗನ ಮುಖ ಇನ್ನೂ ಕಣ್ಣ ಮುಂದಿದೆ. ಮೊದಲು ಮಡಚಿ, ತೋಟಾ ಹೊರಗೆ ತೆಗೆದು ಜೇಬಿಗೆ ಹಾಕಿಕೊಳ್ಳಿ. ಆಮೇಲೆ ಕುದುರೆ ಇಳಿಸಿ. ಕುದುರೆ ಎಳೆದಿರುವಾಗ ನಿಮ್ಮ ಕೋವಿ ಮಡಚಲು ಆಗದಿದ್ದರೆ ಅದನ್ನು ಮನೆಯಲ್ಲಿ ಖಾಲಿ ಇಟ್ಟುಕೊಂಡೇ ತಿಳಿದುಕೊಳ್ಳಿ, ಕತ್ತಲಲ್ಲಿ ಕಲಿಯಬೇಡಿ.

ಜೋಡಿ ನಳಿಗೆಯಲ್ಲಿ ಸಾಮಾನ್ಯವಾಗಿ ಕುದುರೆ ಒಳಗಿರುತ್ತದೆ. ಕೋವಿ ಮಡಚಿದಾಗಲೇ ಎರಡೂ ಎಳೆದು ನಿಲ್ಲುತ್ತವೆ. ಮುಚ್ಚಿದ ಕೂಡಲೇ ಅದು ತಯಾರು. ಮೇಲೆ ಹೆಬ್ಬೆರಳಿಗೆ ಸಿಗುವ ಸೇಫ್ಟಿ ಗುಬುಟನ್ನು ಜನ ಬಹಳ ನಂಬುತ್ತಾರೆ. ಬಹುಪಾಲು ಕೋವಿಗಳಲ್ಲಿ ಆ ಸೇಫ್ಟಿ ಹಿಡಿಯೋದು ಟ್ರಿಗರನ್ನು ಮಾತ್ರ. ಒಳಗಿನ ಕುದುರೆ ಸ್ಪ್ರಿಂಗ್ ಬಿಗಿದುಕೊಂಡು ಒಂದು ಸಣ್ಣ ಕಚ್ಚಿನ ಮೇಲೆ ನಿಂತೇ ಇರುತ್ತದೆ. ಅರವತ್ತು ವರ್ಷದ ಕೋವಿಯಲ್ಲಿ ಆ ಕಚ್ಚು ಎಷ್ಟು ಸವೆದಿದೆಯೋ ಬಿಚ್ಚದೆ ಯಾರಿಗೆ ಗೊತ್ತು? ಬಟ್ ನೆಲಕ್ಕೆ ಬಡಿದರೆ ಸೇಫ್ಟಿ ಹಾಕಿದ್ದರೂ ಈಡು ಹಾರಬಹುದು. ಹಾಗಾಗಿ ಬೇಲಿಯ ದಣಪೆ ದಾಟುವಾಗ, ಹಳ್ಳದ ಸಂಕದ ಮೇಲೆ ಹೋಗುವಾಗ, ಅಗಳ ಹಾರುವಾಗ, ಕಾವಲಿನ ಮಾಳ ಹತ್ತುವಾಗ ಸೇಫ್ಟಿ ಸಾಲದು. ತೋಟಾ ತೆಗೆದು, ಕೋವಿ ಮಡಚಿ, ಆ ಕಡೆ ಇಟ್ಟು ಆಮೇಲೆ ದಾಟಿ. ಇಬ್ಬರಿದ್ದರೆ ಒಬ್ಬರು ದಾಟಿ ಮಡಚಿದ ಕೋವಿ ಇಸ್ಕೊಳ್ಳಿ. ಮಳೆಗಾಲದ ಸಂಕ ಹೇಗಿರುತ್ತೆ ಅಂತ ನಿಮಗೆ ನಾನು ಹೇಳಬೇಕಾ? ಪಾಚಿ ಕಟ್ಟಿದ ಅಡಿಕೆ ದಬ್ಬೆ, ಕಾಲಿಗೆ ಇಂಬಳ, ಮೈಮೇಲೆ ಕಂಬಳಿ ಕೊಪ್ಪೆ. ಅಲ್ಲಿ ಮುಚ್ಚಿದ ಕೋವಿ ಹೆಗಲಲ್ಲಿ ಇರಬಾರದು.

ತೋಟಾದ ವಿಷಯ ಸ್ವಲ್ಪ ನಿಧಾನ ಓದಿ. ಎಸ್ಟೇಟ್ ಕಾಲದ ಇಂಗ್ಲಿಷ್ ಕೋವಿಗಳು ಇನ್ನೂ ಕೆಲವು ಮನೆಗಳಲ್ಲಿವೆ. ಅವುಗಳಲ್ಲಿ ಹಲವಕ್ಕೆ ತೋಟಾ ಕೂರುವ ಗೂಡಿನ ಉದ್ದ 65 ಮಿ.ಮೀ. ಈಗ ಸಿಗುವ ತೋಟಾ ಹೆಚ್ಚಾಗಿ 70 ಮಿ.ಮೀ. "ಸರಿಯಾಗಿ ಕೂತಿತಲ್ಲ, ಕೋವಿಯೂ ಮುಚ್ಚಿತಲ್ಲ" ಅನ್ನುತ್ತಾರೆ. ಕೂರುತ್ತದೆ, ಅಲ್ಲೇ ಇರೋದು ಮೋಸ. ತೋಟಾದ ಮೇಲೆ ಬರೆದ 70 ಅನ್ನೋದು ಈಡು ಹಾರಿ ಬಾಯಿ ಬಿಚ್ಚಿಕೊಂಡ ಮೇಲಿನ ಉದ್ದ. ಮಡಿಕೆ ಹಾಕಿ ಮುಚ್ಚಿದಾಗ ಅದು ಸುಮಾರು 58–60 ಮಿ.ಮೀ. ಇರುತ್ತದೆ. ಚಿಕ್ಕ ಗೂಡಿನಲ್ಲಿ ಮಡಿಕೆ ಬಿಚ್ಚಲು ಜಾಗ ಸಾಲದೆ ಮುಂದಿನ ಇರುಕಿಗೆ ನುಗ್ಗುತ್ತದೆ, ಒತ್ತಡ ಏರುತ್ತದೆ. ಒಂದು ಸಲ ಏನೂ ಆಗಲಿಲ್ಲ ಅಂದರೆ ಮುಂದಿನ ಸಲವೂ ಆಗೋದಿಲ್ಲ ಅಂತ ಅಲ್ಲ. ಗೂಡಿನ ಉದ್ದ ಗೊತ್ತಿಲ್ಲದಿದ್ದರೆ ಲೈಸೆನ್ಸ್ ಇರುವ ರಿಪೇರಿಯವರ ಹತ್ತಿರ ಅಳೆಸಿ. ನಳಿಗೆಯ ಮೈಮೇಲೆ ಸುರುಳಿ ಸುರುಳಿ ಗೆರೆ ಕಂಡರೆ ಅದು ಕಬ್ಬಿಣ, ಉಕ್ಕಿನ ಪಟ್ಟಿ ಹೊಸೆದು ಮಾಡಿದ ಡಮಾಸ್ಕಸ್ ನಳಿಗೆ. ಕರಿ ಮದ್ದಿನ ಕಾಲದ್ದು. ಪರೀಕ್ಷೆ ಮಾಡಿಸದೆ ಅದಕ್ಕೆ ಇವತ್ತಿನ ತೋಟಾ ಹಾಕಬಾರದು, ನೋಡಲಷ್ಟೇ ಚೆಂದವಾಗಿ ಇರಲಿ.

ಜೇಬಿನಲ್ಲಿ ಎರಡು ಬೋರಿನ ತೋಟಾ ಬೆರೆಯಲೇಬಾರದು. 20 ಬೋರಿನ ತೋಟಾ 12 ಬೋರಿನ ಗೂಡಿಗೆ ಬಿದ್ದರೆ ಅಲ್ಲಿ ನಿಲ್ಲದೆ ಜಾರಿ ಮುಂದೆ ಹೋಗಿ ಸಿಕ್ಕಿಕೊಳ್ಳುತ್ತದೆ. ಹಿಂದಿನಿಂದ ನೋಡಿದರೆ ಗೂಡು ಖಾಲಿ ಅನ್ನಿಸುತ್ತದೆ. ಅದರ ಹಿಂದೆ 12 ಬೋರಿನದ್ದು ಹಾಕಿ ಹೊಡೆದರೆ ನಳಿಗೆ ಒಡೆಯುತ್ತದೆ. 20 ಬೋರಿನ ತೋಟಾ ಹಳದಿ ಬಣ್ಣದಲ್ಲಿ ಬರೋದು ಇದೇ ಕಾರಣಕ್ಕೆ. ತೋಟಾ ಹಾಕುವ ಮುಂಚೆ ಬೆಳಕು ನೋಡಿ ಅಂತ ನಾನು ಹಠ ಹಿಡಿಯೋದಕ್ಕೆ ಇದೂ ಒಂದು ಕಾರಣ.

ಟ್ರಿಗರ್ ಎಳೆದಿರಿ, ಟಕ್ ಅಂದಿತು, ಈಡು ಹಾರಲಿಲ್ಲ. ಕೂಡಲೇ ಮಡಚಬೇಡಿ. ತಂಪು ಹಿಡಿದ ತೋಟಾ ತಡವಾಗಿ ಹತ್ತಿಕೊಳ್ಳಬಹುದು. ಕೋವಿ ಹಾಗೇ ಹಿಡಿದು, ಬಾಯಿ ದೂರದ ಮಣ್ಣಿನ ಕಡೆ ಇಟ್ಟು ಕನಿಷ್ಠ 30 ಸೆಕೆಂಡ್ ಎಣಿಸಿ. ನಾನಾದರೆ ಒಂದು ನಿಮಿಷ ಕಾಯುತ್ತೇನೆ. ಇನ್ನೊಂದು ಇದಕ್ಕಿಂತ ಕೆಟ್ಟದ್ದು: ಈಡು ಹಾರಿತು, ಆದರೆ ಸದ್ದು ಪುಸ್ಸ್ ಅಂದಿತು, ಹೆಗಲಿಗೆ ಒದೆತವೂ ಬರಲಿಲ್ಲ. ಮದ್ದು ಪೂರ್ತಿ ಉರಿದಿಲ್ಲ, ವ್ಯಾಡ್ (ಮದ್ದಿಗೂ ಚರೆಗೂ ನಡುವಿನ ಬಿರಡೆ) ನಳಿಗೆಯ ಮಧ್ಯದಲ್ಲೇ ಸಿಕ್ಕಿರಬಹುದು. ಆಗಲೂ ಕಾದು, ಮಡಚಿ, ತೋಟಾ ತೆಗೆದು, ಬೆಳಕು ನೋಡದೆ ಎರಡನೆಯದನ್ನು ಹಾಕಬೇಡಿ.

ಚರೆ ಎಷ್ಟು ದೂರ ಹೋಗುತ್ತೆ ಅಂತ ಕೇಳಿದರೆ "ನಲವತ್ತು ಮೀಟರ್" ಅಂತ ಹೇಳುವವರೇ ಜಾಸ್ತಿ. ಅದು ಗುರಿ ತಾಗುವ ದೂರ, ಚರೆ ನಿಲ್ಲುವ ದೂರ ಅಲ್ಲ. 6ನೇ ನಂಬರಿನ ಸಣ್ಣ ಚರೆಯೇ 200 ಮೀಟರ್ ಹೋಗುತ್ತದೆ. ಎಲ್‌ಜಿ ಅನ್ನುವ ದಪ್ಪ ಚರೆ 600 ಮೀಟರ್ ದಾಟುತ್ತದೆ. ಜಂಬಿಟ್ಟಿಗೆ ಕಲ್ಲಿಗೆ ಬಡಿದರೆ ಯಾವ ಕಡೆ ಚಿಮ್ಮುತ್ತದೋ ಹೇಳಲು ಬರೋದಿಲ್ಲ. ನಮ್ಮಲ್ಲಿ ಮನೆಗಳು ಒತ್ತಾಗಿ ಇಲ್ಲ, ಗುಡ್ಡದ ಆ ಮಗ್ಗುಲಲ್ಲಿ ಒಂದು, ಈ ಮಗ್ಗುಲಲ್ಲಿ ಒಂದು. ರಾತ್ರಿ ತೋಟದಲ್ಲಿ ಹೆಡ್‌ಲೈಟಿಗೆ ಎರಡು ಕಣ್ಣು ಹೊಳೆದರೆ ಅದು ಪಕ್ಕದ ಮನೆಯ ದನವೂ ಇರಬಹುದು. ಸೊಪ್ಪು ಅಲ್ಲಾಡಿದರೆ ನಿಮ್ಮ ಹಾಗೆಯೇ ತೋಟ ಕಾಯಲು ಬಂದ ಮನುಷ್ಯನೂ ಇರಬಹುದು. ಪೂರ್ತಿ ಮೈ ಕಾಣದೆ, ಅದರ ಹಿಂದೆ ಮಣ್ಣಿನ ದರೆ ಇದೆ ಅಂತ ಖಾತ್ರಿ ಆಗದೆ ಬೆರಳು ಟ್ರಿಗರಿಗೆ ಹೋಗಬಾರದು. ಬೆಳೆ ಕಾಯಲು ಲೈಸೆನ್ಸ್ ಕೊಟ್ಟಿದ್ದಾರೆ ಅಂದರೆ ಬೇಟೆಗೆ ಅನುಮತಿ ಕೊಟ್ಟ ಹಾಗಲ್ಲ ಅನ್ನೋದೂ ನೆನಪಿರಲಿ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬೇರೆ, 1959ರ ಶಸ್ತ್ರಾಸ್ತ್ರ ಕಾಯ್ದೆ ಬೇರೆ. ಅರಣ್ಯ ಇಲಾಖೆಯ ಅನುಮತಿ ಇಲ್ಲದೆ ಕಾಡುಪ್ರಾಣಿಗೆ ಈಡು ಹೊಡೆದರೆ ಲೈಸೆನ್ಸ್ ನಿಮ್ಮನ್ನು ಕಾಯೋದಿಲ್ಲ.

ಆಗುಂಬೆಯಲ್ಲಿ ವರ್ಷಕ್ಕೆ 7000 ಮಿ.ಮೀ. ಮೀರಿ ಮಳೆ ಬೀಳುತ್ತದೆ. ತೀರ್ಥಹಳ್ಳಿ, ಹೊಸನಗರದಲ್ಲೂ ಜೂನ್ ಬಂದರೆ ಗೋಡೆಯೇ ಬೆವರುತ್ತದೆ. ಕೋವಿಯನ್ನು ಬಟ್ಟೆ ಚೀಲದಲ್ಲೋ ಚರ್ಮದ ಕವರಿನಲ್ಲೋ ಕಟ್ಟಿಟ್ಟರೆ ತೇವ ಒಳಗೇ ಕೂತು ತುಕ್ಕು ತಿನ್ನುತ್ತದೆ. ಮಳೆಗಾಲದಲ್ಲಿ ಹದಿನೈದು ದಿನಕ್ಕೊಮ್ಮೆ ಒಣಬಟ್ಟೆಯಲ್ಲಿ ಒರೆಸಿ, ತೆಳುವಾಗಿ ಹೊಲಿಗೆ ಮಿಷನ್ ಎಣ್ಣೆ ಸವರಿ. ಕೊಬ್ಬರಿ ಎಣ್ಣೆ ಬೇಡ, ಚಳಿಗೆ ಗಟ್ಟಿಯಾಗಿ ಅಂಟು ಕಟ್ಟುತ್ತದೆ. ಆ ಹಿರಿಯರ ಕೋವಿಯ ಲಿವರ್ ಬಿಗಿದದ್ದೂ ಇದರಿಂದಲೇ. ಬಾಯಿ ಕೆಳಗೆ ಮಾಡಿ ಇಟ್ಟರೆ ಜಾಸ್ತಿ ಆದ ಎಣ್ಣೆ ಬಟ್ಟಿನ ಮರಕ್ಕೆ ಇಳಿಯೋದಿಲ್ಲ. ಉಬ್ಬಿದ ತೋಟಾವನ್ನು ಬಿಸಿಲಿಗಿಟ್ಟು ಒಣಗಿಸೋದು, ಒಲೆಯ ಹತ್ತಿರ ಇಡೋದು, ಗೂಡಿಗೆ ಬಡಿದು ಕೂರಿಸೋದು ಬೇಡವೇ ಬೇಡ. ಅಂಥದ್ದನ್ನು ಬೇರೆ ಇಟ್ಟು, ತೋಟಾ ಕೊಂಡ ಲೈಸೆನ್ಸ್ ಅಂಗಡಿಯಲ್ಲಿ ವಿಚಾರಿಸಿ. ಕೋವಿ ಒಂದು ಬೀಗದಲ್ಲಿ, ತೋಟಾ ಇನ್ನೊಂದು ಬೀಗದಲ್ಲಿ, ಬೀಗದಕೈ ಲೈಸೆನ್ಸ್ ಇದ್ದವರ ಹತ್ತಿರ. ಜಗುಲಿಯ ಗೂಟದಲ್ಲಿ ನೇತುಹಾಕುವ ಕಾಲ ಹೋಯಿತು. ರಜೆಗೆ ಬರುವ ಮಕ್ಕಳಿಗೆ ಅದು ಆಟದ ಸಾಮಾನಿನಂತೆಯೇ ಕಾಣುತ್ತದೆ, ಅಲ್ವಾ?

ಪೂಜೆಯನ್ನು ಬಿಡಿ ಅಂತ ನಾನು ಆ ಹಿರಿಯರಿಗೆ ಹೇಳಲಿಲ್ಲ. ತೋಟಾ ಬೇರೆ ಕೋಣೆಯಲ್ಲಿ ಬೀಗ ಹಾಕಿ ಇಡಿ, ಕೋವಿ ಮಡಚಿ ಮಣೆಯ ಮೇಲೆ ಮಲಗಿಸಿ, ಕುಂಕುಮ ಹೂವು ಏನಿದ್ದರೂ ಬಟ್ಟಿನ ಮರದ ಮೇಲೆ ಇಡಿ, ಸಂಜೆಗೆ ಒರೆಸಿ ಅಂದೆ. ಗಂಧದ ನೀರು ತಾಗಿದಲ್ಲಿ ಮಾರನೇ ದಿನವೇ ತುಕ್ಕಿನ ಚುಕ್ಕಿ ಏಳುತ್ತದೆ. ಅವರು ಹೊರಡುವಾಗ ಮಡಚಿದ ಕೋವಿಯನ್ನು ನನ್ನ ಕೈಯಿಂದ ತೆಗೆದುಕೊಂಡು, ತಾವೇ ಕಿಟಕಿಯ ಕಡೆ ತಿರುಗಿ ಒಂದು ಕಣ್ಣು ಮುಚ್ಚಿ ನೋಡಿದರು. "ಈಗ ಆ ತುದಿ ಕಾಣ್ತದೆ" ಅಂದರು.