ಬಾಂಬ್ ಬೀಳುವಾಗ ಪಾಠ ಮಾಡುವುದು ಹೇಗೆ?

ಪ್ರಶ್ನೆ: ಯುದ್ಧ ನಡೆಯುವ ಊರಲ್ಲಿ ಕಾಲೇಜು ನಡೆಸುವುದಾದರೂ ಹೇಗೆ? ಜೀವಕ್ಕೇ ಸಂಚಕಾರ ಬಂದಾಗ ಪಾಠ, ಪರೀಕ್ಷೆ ಎಲ್ಲ ಯಾಕೆ?

ಉತ್ತರ: ಕಾಲೇಜನ್ನು ಉಳಿಸಿಕೊಂಡ ಎಷ್ಟೋ ಜನ ಮೊದಲು ಬಿಟ್ಟುಕೊಟ್ಟಿದ್ದು ಕಟ್ಟಡವನ್ನೇ.

1937ರ ಜುಲೈನಲ್ಲಿ ಜಪಾನಿ ಸೇನೆ ಚೀನಾದ ನಾನ್‌ಕಾಯ್ ವಿಶ್ವವಿದ್ಯಾಲಯದ ಮೇಲೆ ಬಾಂಬ್ ಹಾಕಿತು. ನಾನ್‌ಕಾಯ್, ಪೀಕಿಂಗ್, ಚಿಂಗ್‌ಹುವಾ ಮೂರೂ ಚಾಂಗ್‌ಶಾ ನಗರಕ್ಕೆ ಹೋಗಿ ಒಟ್ಟಾಗಿ ಪಾಠ ಶುರು ಮಾಡಿದವು. ಯುದ್ಧ ಅಲ್ಲಿಗೂ ಹತ್ತಿರವಾದಾಗ, 1938ರಲ್ಲಿ, ನೈಋತ್ಯ ಚೀನಾದ ಕುನ್‌ಮಿಂಗ್ ನಗರಕ್ಕೆ ಗಂಟುಮೂಟೆ ಕಟ್ಟಿದವು. ಹೆಣ್ಣುಮಕ್ಕಳು, ನಡೆಯಲಾಗದವರು ರೈಲು, ಹಡಗು ಹಿಡಿದು ಹಾಂಗ್‌ಕಾಂಗ್, ವಿಯೆಟ್ನಾಂ ಸುತ್ತಿಕೊಂಡು ಹೋದರು. ಇನ್ನೂರಕ್ಕೂ ಹೆಚ್ಚು ವಿದ್ಯಾರ್ಥಿಗಳು, ಜೊತೆಗೆ ಕೆಲವು ಅಧ್ಯಾಪಕರು, 68 ದಿನಗಳಲ್ಲಿ ಸುಮಾರು 1,600 ಕಿಲೋಮೀಟರ್ ಸಾಗಿದರು, ಬಹುಪಾಲು ಕಾಲ್ನಡಿಗೆಯಲ್ಲೇ. ದಾರಿಯಲ್ಲಿ ಜನಪದ ಗೀತೆಗಳನ್ನು ಬರೆದುಕೊಂಡರು, ಗಿಡಗಳನ್ನು ಸಂಗ್ರಹಿಸಿದರು. ಆ ನಡಿಗೆಯೇ ತರಗತಿಯಾಯಿತು!

ಕುನ್‌ಮಿಂಗ್‌ನಲ್ಲಿ ಕಟ್ಟಿಕೊಂಡದ್ದು ಮಣ್ಣಿನ ಗೋಡೆ, ತಗಡಿನ ಮಾಡಿನ ಕೋಣೆಗಳು. ಮಳೆ ಜೋರಾದರೆ ಮೇಷ್ಟ್ರ ಮಾತೇ ಕೇಳುತ್ತಿರಲಿಲ್ಲ. ಸೈರನ್ ಕೂಗಿದರೆ ಎಲ್ಲರೂ ಊರಾಚೆಯ ಗುಡ್ಡಗಳಿಗೆ ಓಡಬೇಕು. ವಿಮಾನಗಳು ಬರುವ ಹೊತ್ತು ನೋಡಿಕೊಂಡು ತರಗತಿಗಳನ್ನು ಮುಂಜಾನೆಗೂ ಸಂಜೆಗೂ ಸರಿಸಿದರು. ಧೀರ ಭಾಷಣಗಳಿಗಿಂತ ಈ ವೇಳಾಪಟ್ಟಿ ತಿದ್ದಿದ ಕೈ ನನಗೆ ದೊಡ್ಡದಾಗಿ ಕಾಣುತ್ತದೆ. 1957ರಲ್ಲಿ ಭೌತಶಾಸ್ತ್ರದ ನೊಬೆಲ್ ಪಡೆದ ಯಾಂಗ್ ಮತ್ತು ಲೀ ಇಬ್ಬರೂ ಅಲ್ಲಿ ಓದಿದವರು.

ಹೊರಡುವ ದಾರಿಯೇ ಮುಚ್ಚಿದ್ದರೆ? 1939ರ ನವೆಂಬರ್ 6ರಂದು ನಾಜಿಗಳು ಪೋಲೆಂಡ್‌ನ ಕ್ರಾಕೋವ್ ನಗರದ ಅಧ್ಯಾಪಕರನ್ನು ಸಭೆಗೆ ಕರೆದು, ಅಲ್ಲೇ ಬಂಧಿಸಿದರು. ಆಮೇಲೆ ಆ ದೇಶದಲ್ಲಿ ಪಾಠ ಮನೆಗಳೊಳಗೆ ಗುಟ್ಟಾಗಿ ನಡೆಯಿತು. ಸಿಕ್ಕಿಬಿದ್ದರೆ ಪ್ರಾಣಕ್ಕೇ ಅಪಾಯ.

ಉಕ್ರೇನ್‌ನಲ್ಲೂ ಚೀನಾದ ಹಾಗೆ ಯುದ್ಧಕ್ಕೆ ಊರು ಬಿಟ್ಟ ಕಥೆಯೇ. ದೊನೆತ್ಸ್ಕ್ ವಿಶ್ವವಿದ್ಯಾಲಯ 2014ರಲ್ಲಿ ವಿನ್ನಿತ್ಸಿಯಾಕ್ಕೆ, ಮರಿಯುಪೋಲ್‌ನದು 2022ರಲ್ಲಿ ಕೀವ್‌ಗೆ ಹೋಯಿತು. ಈಗ ಆನ್‌ಲೈನ್ ಪಾಠವಿದೆ, ನಿಜ. ಆದರೆ ಕ್ಷಿಪಣಿ ಬಿದ್ದು ಕರೆಂಟ್ ಹೋದರೆ ಅದೂ ಇಲ್ಲ. ಪಾಠಗಳನ್ನು ಮೊದಲೇ ರೆಕಾರ್ಡ್ ಮಾಡಿಡಬೇಕು, ಹಾಜರಿಯ ಕಟ್ಟುನಿಟ್ಟು ಸಡಿಲಿಸಬೇಕು.

ಇನ್ನು ಪರೀಕ್ಷೆ ಯಾಕೆ ಎಂದಿರಿ. ಮೂರನೇ ವರ್ಷದಲ್ಲಿ ಊರು ಬಿಟ್ಟು ಓಡಿದ ಹುಡುಗಿಯ ಅಂಕಪಟ್ಟಿ ಸುಟ್ಟುಹೋದರೆ, ಬೇರೆ ಕಾಲೇಜು ಅವಳನ್ನು ಮತ್ತೆ ಮೊದಲ ವರ್ಷಕ್ಕೇ ಕೂರಿಸಬಹುದು. ಹಾಗಾಗಿ ಪ್ರಾಂಶುಪಾಲರು ಶಾಂತಿಯ ದಿನಗಳಲ್ಲೇ ಮಾಡಬೇಕಾದ ಕೆಲಸವೊಂದಿದೆ: ದಾಖಲೆಗಳ ಇನ್ನೊಂದು ಪ್ರತಿಯನ್ನು ದೂರದ ಊರಲ್ಲಿ ಇಡುವುದು, ಅದು ಎಲ್ಲಿದೆ ಎಂದು ಕನಿಷ್ಠ ಮೂವರಿಗೆ ತಿಳಿಸುವುದು.